ಬನ್ನಿಯ ನೆರಳಿನಿಂದ ಬಸರಿಯ ನೆರಳಿಗೆ

ವಿಜಯದಶಮಿಯ ಅಪರಾಹ್ಣದಲ್ಲಿ ಮಹಾರಾಜರ ಮೆರವಣಿಗೆ ಅರಮನೆಯಿಂದ ಹೊರಟು, ಬನ್ನಿಮಂಟಪದಲ್ಲಿ ಶಮೀವೃಕ್ಷಕ್ಕೆ ಪೂಜೆ ಸಲ್ಲುತ್ತಿದ್ದ ಕಾಲದಲ್ಲಿ ಮೈಸೂರಿಗೆ ಬರುತ್ತಿದ್ದವರೆಲ್ಲರೂ ಉತ್ಸವವನ್ನು ನೋಡಬಂದವರಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿ, ದಸರೆಯ ಹೊತ್ತಿಗೇ ಅದು ಸೇರುವಂತೆ ಮಾಡಿದ ಮೇಲೆ, ತಾಲ್ಲೂಕು ತಾಲ್ಲೂಕುಗಳಿಂದ ಭೂಸ್ವಾಮಿಗಳೂ ವರ್ತಕರೂ ತಮ್ಮ ಸೀಮೆಯ ಅಹವಾಲುಗಳನ್ನು ಹೊತ್ತು ಬರುತ್ತಿದ್ದರು. ಹಾಗೆ ಬಂದು ಕುಳಿತವರಲ್ಲಿ ಮಂಜರಾಬಾದಿನ ಕಾಫಿ ಬೆಳೆಗಾರ, ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಒಬ್ಬನು.

ರಾಕ್ಸ್‌ಬರೊ ಪ್ರಾಂತದ ಕ್ಲಿಫ್ಟನ್ ಪಾರ್ಕ್ ಅವನ ಮನೆತನದ ನೆಲ. 1837ರಲ್ಲಿ ಹುಟ್ಟಿದ ಈತ, ಇಪ್ಪತ್ತು ತುಂಬುವ ಮುನ್ನವೇ, 1856ರಲ್ಲಿ ಮಂಜರಾಬಾದಿನಲ್ಲಿ ಕಾಡು ಕಡಿಸಿ ಕಾಫಿ ಹಾಕಲು ತೊಡಗಿದನು. ಅವನಿಗಿಂತ ಮೊದಲೇ, 1843ರಲ್ಲಿ, ಗ್ರೀನ್ ಎಂಬಾತ ಆ ಸೀಮೆಯಲ್ಲಿ ತೋಟ ತೆಗೆದಿದ್ದನು. ರೈಲಿಲ್ಲದ ಆ ದಿನಗಳಲ್ಲಿ ಹೇರೆತ್ತುಗಳು ಕಾಫಿಯನ್ನು ಘಟ್ಟವಿಳಿಸಿ ಕರಾವಳಿಗೆ ಒಯ್ಯುತ್ತಿದ್ದವು.

ಮರವನ್ನು ಉರುಳಿಸುವುದರಿಂದ ಆರಂಭವಾದ ಈ ಬಾಳು ಮರವನ್ನು ನೆಡುವ ವಿದ್ಯೆಯತ್ತ ತಿರುಗಿದ ಬಗೆಯೇ ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಮನೋಹರವಾದ ಭಾಗ. 1860ರ ದಶಕದ ಕೊನೆಯಲ್ಲಿ ಕಾಂಡಕೊರಕ ಹುಳು ‘ಚಿಕ್’ ಎಂಬ ಹಳೆಯ ತಳಿಯನ್ನು ಹಾಳುಗೆಡವಿದ್ದರಿಂದ, ಬೆಳೆಗಾರರು ಕೊಡಗಿನ ಬೀಜವನ್ನು ತರಬೇಕಾಗಿ ಬಂದಿತು. ಬಿಸಿಲು ನೇರವಾಗಿ ಬೀಳುವ ತೊಗಟೆಯ ಬಿರುಕುಗಳಲ್ಲಿ ಆ ಜೀರುಂಡೆ ಮೊಟ್ಟೆಯಿಡುತ್ತದೆ. ಮರಿಯು ಕಾಂಡದೊಳಗೆ ಸುರಂಗ ಕೊರೆದು ಗಿಡವನ್ನು ಒಣಗಿಸುತ್ತದೆ. ಆದ್ದರಿಂದ ನೆರಳೇ ಕಾಫಿಯ ಕಾವಲು ಎಂದು ಎಲಿಯಟ್ ಪಟ್ಟುಹಿಡಿದು ವಾದಿಸಿದನು. 1894ರಲ್ಲಿ ಪ್ರಕಟವಾದ ತನ್ನ ಮೂವತ್ತೆಂಟು ವರ್ಷಗಳ ಅನುಭವದ ಗ್ರಂಥದಲ್ಲಿ ಪ್ರಜಾಪ್ರತಿನಿಧಿ ಸಭೆಗೊಂದು ಅಧ್ಯಾಯವನ್ನು ಕೊಟ್ಟ ಆತ, ಬಸರಿ, ಗೋಣಿ, ಮಿಟ್ಲಿಗಳ ಹೆಸರನ್ನು ನಮ್ಮ ರೈತರ ಬಾಯಿಂದ ಕೇಳಿದಂತೆಯೇ ಆಂಗ್ಲ ಲಿಪಿಗಿಳಿಸಿದ್ದಾನೆ. ನೆರಳಿನ ಗುಣವನ್ನು ಅಳೆದು ತೂಗಿದ ಲೇಖಕನಿಗೂ ಆ ಮರಗಳಿಗೆ ಕನ್ನಡದ ಹೆಸರುಗಳೇ ಬೇಕಾದವು.

ಆ ತೋಟಗಳಲ್ಲಿ ದುಡಿದವರಾದರೋ ಬಯಲುಸೀಮೆಯಿಂದ ಮೇಸ್ತ್ರಿಯ ಮುಂಗಡ ಹಣಕ್ಕೆ ಕಟ್ಟುಬಿದ್ದು, ಕೂಸುಗಳನ್ನು ಕಂಕುಳಲ್ಲಿಟ್ಟು ಘಟ್ಟ ಹತ್ತಿದವರು. ತೋಟದ ದೊರೆಯ ವಂಶಕ್ಕೆ ಗ್ರಂಥವುಂಟು. ನೆಟ್ಟ ಕೈಗಳ ವಂಶಾವಳಿಯನ್ನು ಬರೆದವರಿಲ್ಲ. ಇದನ್ನು ನೆನೆಯದೆ ಆ ಸೀಮೆಯ ಸಂಪತ್ತನ್ನು ವರ್ಣಿಸಲು ನನಗೆ ಮನಸ್ಸಾಗದು.

ತನ್ನ ಕುಲದ ನೆಲದಲ್ಲಿಯೂ ಎಲಿಯಟ್ ಮಣ್ಣನ್ನೇ ಚಿಂತಿಸಿದನು. ಉತ್ತು ಉತ್ತು ಬಡವಾದ ಹೊಲಗಳಿಗೆ ಆಳವಾಗಿ ಬೇರಿಳಿಸುವ ಸಸ್ಯಗಳನ್ನು ಹುಲ್ಲಿನೊಡನೆ ಬಿತ್ತಿ, ಕೆಲವು ವರ್ಷ ಹಾಗೆಯೇ ಬಿಟ್ಟು, ಸಾರವನ್ನು ಮರಳಿಸುವ ಆ ಕ್ರಮವು ಕ್ಲಿಫ್ಟನ್ ಪಾರ್ಕ್ ಪದ್ಧತಿಯೆಂದೇ ಹೆಸರಾಯಿತು. 1914ರಲ್ಲಿ ಆತ ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ, 1943ರಲ್ಲಿ, ಅದನ್ನು ಕುರಿತ ಪುಸ್ತಕವು ಮತ್ತೆ ಅಚ್ಚಾಯಿತು. ಗಟ್ಟಿಯಾದ ಕೆಳಮಣ್ಣನ್ನು ಸೀಳಲೆಂದು ಆತ ಮುಖ್ಯವಾಗಿ ನೆಚ್ಚಿದ ಬೇರುಗಳಲ್ಲಿ ಒಂದು ಚಿಕೋರಿ. ಮೈಸೂರಿನ ಮನೆಮನೆಗಳಲ್ಲಿ ಮುಂಜಾನೆಯ ಕಾಫಿಪುಡಿಯೊಡನೆ ಬೆರೆಯುವ ಬೇರೂ ಅದೇ.