ಹತ್ತು ದಿನದ ವಿಪಶ್ಯನ ಶಿಬಿರ: ಹೋಗುವ ಮುನ್ನ ತಿಳಿದಿರಬೇಕಾದದ್ದು



ಹಳೆಯ ಅವಮಾನ, ಆಸ್ತಿ ಜಗಳ, ದೂರದ ಮಕ್ಕಳ ಚಿಂತೆ. ಒಂದೇ ಯೋಚನೆ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಇದರಿಂದ ಬಿಡಿಸಿಕೊಳ್ಳಲು ವಿಪಶ್ಯನ ಶಿಬಿರಕ್ಕೆ ಹೋಗಬಹುದೇ ಎಂದು ಸದಸ್ಯರು ಆಗಾಗ ವಿಚಾರಿಸುತ್ತಾರೆ. ಅವರ ಅನುಕೂಲಕ್ಕಾಗಿ ಈ ಮಾಹಿತಿ.

ಹಿನ್ನೆಲೆ
ಈ ಶಿಬಿರಗಳನ್ನು ನಮ್ಮ ದೇಶದಲ್ಲಿ ಬೆಳೆಸಿದವರು ಸತ್ಯನಾರಾಯಣ ಗೋಯೆಂಕಾ (1924–2013). ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದ ವ್ಯಾಪಾರಿ. ತೀವ್ರ ತಲೆನೋವಿನಿಂದ ಬಳಲುತ್ತಿದ್ದ ಅವರು 1955ರಲ್ಲಿ ಸಯಾಜಿ ಊ ಬಾ ಖಿನ್ ಅವರಲ್ಲಿ ಈ ಧ್ಯಾನ ಕಲಿತರು. ಆ ಗುರುಗಳು ಗುಮಾಸ್ತರಾಗಿ ನೌಕರಿಗೆ ಸೇರಿ, ಬರ್ಮಾದ ಅಕೌಂಟೆಂಟ್ ಜನರಲ್ ಹುದ್ದೆಗೇರಿದ ಗೃಹಸ್ಥರು. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದರು. 1976ರಲ್ಲಿ ನಾಸಿಕ್ ಜಿಲ್ಲೆಯ ಇಗತಪುರಿಯಲ್ಲಿ ಧಮ್ಮಗಿರಿ ಕೇಂದ್ರ ಆರಂಭವಾಯಿತು. 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಂದೇ ಶಿಬಿರದಲ್ಲಿ ಕುಳಿತರು.

ದಿನಚರಿ
ಬೆಳಿಗ್ಗೆ 4ಕ್ಕೆ ಗಂಟೆ, ರಾತ್ರಿ 9.30ಕ್ಕೆ ದೀಪ ಆರಿಸುವುದು. ದಿನಕ್ಕೆ ಸುಮಾರು 10 ಗಂಟೆ ಧ್ಯಾನ. ಊಟ 11ಕ್ಕೆ, ಸಂಜೆ ಹೊಸಬರಿಗೆ ಚಹಾ, ಹಣ್ಣು ಮಾತ್ರ. ಫೋನು, ಪುಸ್ತಕ, ಬರವಣಿಗೆ ಇಲ್ಲ. ಹತ್ತನೆಯ ದಿನದವರೆಗೆ ಇತರ ಸಾಧಕರೊಂದಿಗೆ ಮೌನ. ಆಚಾರ್ಯರನ್ನು, ವ್ಯವಸ್ಥಾಪಕರನ್ನು ಕೇಳಬಹುದು. ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿ ಕೊಡುತ್ತಾರೆ. ಬರುವ, ಹೊರಡುವ ದಿನ ಸೇರಿಸಿ ರಜೆಗೆ 12 ದಿನ ಲೆಕ್ಕ ಹಾಕಿ. ಶುಲ್ಕವಿಲ್ಲ. ಶಿಬಿರ ಪೂರ್ತಿ ಮಾಡಿದವರ ದಾನದಿಂದಲೇ ನಡೆಯುತ್ತದೆ.

ಕಲಿಸುವುದೇನು
ಮೊದಲ ಮೂರು ದಿನ ಉಸಿರಾಟವನ್ನು ಗಮನಿಸುವುದಷ್ಟೇ. ನಾಲ್ಕನೆಯ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯ ಸಂವೇದನೆಗಳನ್ನು ನೋಡುತ್ತಾ ಹೋಗಬೇಕು. ಕೋಪದ ಯೋಚನೆ ಬಂದರೆ ಎದೆ ಬಿಗಿಯುತ್ತದೆ, ಮುಖ ಕಾವೇರುತ್ತದೆ. ನಾವು ಕೆರಳುವುದು ಆ ಸಂವೇದನೆಗೇ ಎಂಬುದು ಇಲ್ಲಿಯ ತಿಳಿವಳಿಕೆ. ಅದನ್ನು ತಳ್ಳದೆ, ಬೆನ್ನಟ್ಟದೆ ನೋಡುತ್ತಿದ್ದರೆ ಅದು ಏಳುತ್ತದೆ, ಹೋಗುತ್ತದೆ. ಯೋಚನೆ ಬಾರದಂತೆ ತಡೆಯುವ ವಿದ್ಯೆ ಇದಲ್ಲ. ಬಂದ ಯೋಚನೆಗೆ ಹಿಂದಿನಂತೆ ಕುಣಿಯದಿರುವ ಅಭ್ಯಾಸ. ಆದ್ದರಿಂದ ಮನೆಗೆ ಬಂದ ಮೇಲೂ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಲು ಹೇಳುತ್ತಾರೆ.

ಎಚ್ಚರಿಕೆ
ಇದು ವೈದ್ಯಕೀಯ ಚಿಕಿತ್ಸೆಗೆ ಬದಲಲ್ಲ. ಗಂಭೀರ ಮನೋರೋಗ ಇರುವವರಿಗೆ ಶಿಬಿರ ಬೇಡವೆಂದು ಕೇಂದ್ರಗಳೇ ತಿಳಿಸುತ್ತವೆ. ದೀರ್ಘ ಮೌನ ಅಂಥವರಿಗೆ ಕಷ್ಟ ತರಬಹುದು. ಅರ್ಜಿಯಲ್ಲಿ ಕಾಯಿಲೆ, ಮಾತ್ರೆಗಳ ವಿವರ ಮುಚ್ಚಿಡಬೇಡಿ. "ಧ್ಯಾನ ಮಾಡಿದರೆ ಸಾಕು" ಎಂದು ಯಾರೇ ಹೇಳಿದರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ನಿದ್ದೆ, ಊಟ ಬಿಟ್ಟವರು, ಸಾಯುವ ಮಾತಾಡುವವರು ಮನೆಯಲ್ಲಿದ್ದರೆ ಶಿಬಿರದ ದಿನಾಂಕಕ್ಕೆ ಕಾಯದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಎಲ್ಲಿ
ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರಿಗೆ ಇಗತಪುರಿ. ಆದವಾನಿ, ಪಶ್ಚಿಮ ತೆಲಂಗಾಣದವರಿಗೆ ಹೈದರಾಬಾದಿನ ಧಮ್ಮಖೇತ್ತ. ಹೊಸೂರು, ತಾಳವಾಡಿ, ಮಡಕಶಿರಾದವರಿಗೆ ಬೆಂಗಳೂರು ತುಮಕೂರು ರಸ್ತೆಯ ಆಲೂರಿನಲ್ಲಿರುವ ಧಮ್ಮ ಪಫುಲ್ಲ. ಯಾವ ಭಾಷೆಯಲ್ಲಿ ಸೂಚನೆ ಬೇಕೆಂದು ಅರ್ಜಿಯಲ್ಲೇ ನಮೂದಿಸಿ. ಒಪ್ಪಿಗೆ ಬಂದ ಮೇಲೆಯೇ ರೈಲು ಟಿಕೆಟ್ ಮಾಡಿಸಿ.

– ಕಾರ್ಯದರ್ಶಿ