ಆರ್‌ಎನ್‌ಎ ಮೇಲಿನ ಗುರುತು ಮತ್ತು ಕ್ಯಾನ್ಸರಿನ ಹರಡುವಿಕೆ

ಡಿಎನ್‌ಎಯ ಸಂದೇಶವನ್ನು ಆರ್‌ಎನ್‌ಎ ಒಯ್ಯುತ್ತದೆಂದು ನೀವು ತರಗತಿಯಲ್ಲಿ ಓದಿದ್ದೀರಿ. ನಕಲಾದ ಮೇಲೂ ಆರ್‌ಎನ್‌ಎಗೆ ಸಣ್ಣ ರಾಸಾಯನಿಕ ಗುರುತುಗಳು ಸೇರುತ್ತವೆ. 1974ರಲ್ಲಿ ಅಮೆರಿಕದ ಡೆರೋಸಿಯರ್ಸ್, ಫ್ರಿಡೆರಿಸಿ ಮತ್ತು ರಾಟ್‌ಮನ್ ಸಂದೇಶವಾಹಕ ಆರ್‌ಎನ್‌ಎಯಲ್ಲಿ ಮಿಥೈಲ್ ಗುಂಪು ಹೊತ್ತ ಅಡಿನೊಸಿನ್ ಇರುವುದನ್ನು ಕಂಡರು. ಅವರು ಪರೀಕ್ಷಿಸಿದ್ದು ಇಲಿಯ ಯಕೃತ್ತಿನ ಕ್ಯಾನ್ಸರ್ ಕೋಶಗಳನ್ನೇ! ಆದರೂ ಗುರುತಿಗೂ ರೋಗಕ್ಕೂ ಇರುವ ನಂಟು ತಿಳಿಯಲು ದಶಕಗಳೇ ಬೇಕಾದವು. 2011ರಲ್ಲಿ ಷಿಕಾಗೊದ ಚುವಾನ್ ಹಿ ತಂಡ, ಎಫ್‌ಟಿಒ ಎಂಬ ಕಿಣ್ವವು ಈ ಗುರುತನ್ನು ಅಳಿಸಬಲ್ಲದೆಂದು ತೋರಿಸಿತು. ಹಾಕಿ ಅಳಿಸಬಹುದಾದ ಗುರುತು ಕೋಶಕ್ಕೆ ನಿಯಂತ್ರಣದ ಸಾಧನವೂ ಆಗಬಹುದಲ್ಲವೆ?

ಕ್ಯಾನ್ಸರಿನ ಬಹುಪಾಲು ಸಾವುಗಳಿಗೆ ಕಾರಣ ಅದರ ಹರಡುವಿಕೆ. ಅದರ ಒಂದು ಸ್ಪಷ್ಟ ಸುಳಿವು ದೊರೆತದ್ದು ಇದೇ ಬಗೆಯ ಇನ್ನೊಂದು ಗುರುತಿನಲ್ಲಿ. ಮೈಟೊಕಾಂಡ್ರಿಯದೊಳಗೆ ಮಿಥಿಯೊನಿನ್ ಹೊರುವ ವರ್ಗಾವಣೆ ಆರ್‌ಎನ್‌ಎಯ 34ನೆಯ ಸ್ಥಾನಕ್ಕೆ ಎನ್‌ಎಸ್‌ಯುಎನ್3 ಕಿಣ್ವವು ಮಿಥೈಲ್ ಗುಂಪನ್ನು ಸೇರಿಸುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್‌ನ ಮಿಖಾಯೇಲಾ ಫ್ರೈ ತಂಡ, ಮಾನವನ ಬಾಯಿ ಕ್ಯಾನ್ಸರ್ ಕೋಶಗಳಲ್ಲಿ ಈ ಕಿಣ್ವವನ್ನು ತಗ್ಗಿಸಿ ಅವನ್ನು ಇಲಿಗಳಲ್ಲಿ ಬೆಳೆಸಿತು. 2022ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರ: ಮೂಲ ಗಡ್ಡೆ ಬೆಳೆಯಿತು, ದುಗ್ಧಗ್ರಂಥಿಗಳಿಗೆ ಹರಡುವುದು ಮಾತ್ರ ತಗ್ಗಿತು. ಗುರುತಿಲ್ಲದೆ ಮೈಟೊಕಾಂಡ್ರಿಯದ ಪ್ರೋಟೀನ್ ತಯಾರಿಕೆ ಕುಂದುತ್ತದೆ. ವಲಸೆಗೆ ಬೇಕಾದ ಶಕ್ತಿ ಕೋಶಕ್ಕೆ ಸಾಲದು. ಆ ತಯಾರಿಕೆಯನ್ನು ತಡೆಯುವ ಪ್ರತಿಜೈವಿಕಗಳೂ ಇಲಿಗಳಲ್ಲಿ ಹರಡುವಿಕೆಯನ್ನು ತಗ್ಗಿಸಿದವು. ಇಲಿಗಳಲ್ಲಿ, ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ.