ಜಲಗಾಲನದ ಅರಿವೆಯೂ ಇಂದಿನ ಕುಡಿಯುವ ನೀರೂ

ಶ್ರಾವಕನ ಮನೆಯನ್ನು ಗುರುತಿಸುವ ಲಕ್ಷಣಗಳಲ್ಲಿ ರಾತ್ರಿಭೋಜನ ತ್ಯಾಗದೊಡನೆ ಸೋಸಿದ ನೀರಿನ ಬಳಕೆಯೂ ಒಂದು. 13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಮತಾಂತರವಾಗಿ ಕೊಟ್ಟಿರುವ ಅಷ್ಟಮೂಲಗುಣಗಳ ಪಟ್ಟಿಯಲ್ಲಿ ಜೀವದಯೆಯೊಡನೆ ಜಲಗಾಲನವೂ ಸೇರಿದೆ. ಈ ಸಾಮೀಪ್ಯ ಅರ್ಥಪೂರ್ಣವಾದುದು. ಅರಿವೆಯನ್ನು ಕೊಡದ ಬಾಯಿಗೆ ಕಟ್ಟಿದುದು ಕುಡಿಯುವವನ ರಕ್ಷಣೆಗಾಗಿ ಅಲ್ಲ, ನೀರಿನಲ್ಲಿರುವ ತ್ರಸಜೀವಿಗಳ ರಕ್ಷಣೆಗಾಗಿ. ಇದನ್ನು ಮರೆತು, ನಮ್ಮ ಪೂರ್ವಿಕರು ಸೂಕ್ಷ್ಮದರ್ಶಕಕ್ಕೂ ಮೊದಲೇ ರೋಗಾಣುಗಳನ್ನು ಬಲ್ಲವರಾಗಿದ್ದರೆಂದು ವೇದಿಕೆಗಳ ಮೇಲೆ ಹೇಳುವುದುಂಟು. ಈ ಹೊಗಳಿಕೆ ಅನಗತ್ಯ ಮಾತ್ರವಲ್ಲ, ಅಪಾಯಕರವೂ ಹೌದು; ಏಕೆಂದರೆ ಅದನ್ನು ನಂಬಿದ ಕುಟುಂಬವು ಅರಿವೆಯೊಂದರಿಂದಲೇ ನೀರು ನಿರ್ದೋಷವಾಯಿತೆಂದು ತಿಳಿಯುತ್ತದೆ.

ಕ್ರಮವು ಹೀಗಿತ್ತು. ಪಾತ್ರೆಯ ಬಾಯಿಗಿಂತ ಅಗಲವಾದ ದಪ್ಪ ಅರಿವೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಅರಿವೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅವು ಬಂದ ಬಾವಿಗೇ ಮೆಲ್ಲನೆ ಇಳಿಸಬೇಕು. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರ, ಅಂದರೆ 24 ಗಂಟೆ. ಸೋಸಿದ ಮೇಲೆಯೇ ಕುದಿಸಬೇಕು, ಸೋಸದೆ ಕುದಿಸಲಾಗದು. ಈ ಅನುಕ್ರಮದಲ್ಲಿ ಎಷ್ಟು ವಿವೇಕವಿದೆಯೆಂಬುದನ್ನು ಮುಂದಿನ ಇತಿಹಾಸವು ತೋರಿಸುತ್ತದೆ.

ನಾರುಹುಣ್ಣಿನ ವಿಷಯವನ್ನೇ ನೋಡೋಣ. ಕಾಲಿನ ಚರ್ಮವನ್ನು ಭೇದಿಸಿ ಮೊಳದುದ್ದದ ಹುಳು ಹೊರಬರುವ ಈ ರೋಗವು ರಾಜಸ್ಥಾನ, ಗುಜರಾತ್, ಮಹಾರಾಷ್ಟ್ರಗಳಲ್ಲಿದ್ದಂತೆ ನಮ್ಮ ಕರ್ನಾಟಕದಲ್ಲಿಯೂ ಇತ್ತು. ಮೆಟ್ಟಿಲು ಬಾವಿಗಳಿಗೆ ಇಳಿದು ನೀರು ತುಂಬುವ ರೋಗಿಯ ಕಾಲಿನಿಂದ ಮರಿಹುಳುಗಳು ನೀರಿಗೆ ಸೇರಿ, ಸೈಕ್ಲಾಪ್ಸ್ ಎಂಬ ಅತಿಸಣ್ಣ ಜಲಚರದ ಹೊಟ್ಟೆಯಲ್ಲಿ ಬೆಳೆಯುತ್ತವೆ. ಆ ಜಲಚರವನ್ನು ಒತ್ತಾದ ನೇಯ್ಗೆಯ ಬಟ್ಟೆ ತಡೆಯಬಲ್ಲದು. ಬಾವಿಗಳ ಸುಧಾರಣೆ, ಔಷಧಿಯ ಸಿಂಪಡಣೆಗಳೊಡನೆ ಮನೆಮನೆಯಲ್ಲಿ ನೀರು ಸೋಸುವ ಪ್ರಚಾರವೂ ನಡೆದು, 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದ ಬಳಿಕ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು.

ಕಾಲರಾದ ಕಥೆ ಇನ್ನೂ ಸ್ವಾರಸ್ಯಕರ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಹಳೆಯ ಸೀರೆಯನ್ನು ನಾಲ್ಕು ಮಡಿಕೆಗೆ ಕಡಿಮೆಯಿಲ್ಲದಂತೆ ಮಡಿಸಿ ನೀರು ಸೋಸುವುದನ್ನು ಹಳ್ಳಿಗರಿಗೆ ಕಲಿಸಿದರು. ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ರೋಗಾಣುಗಳು ಸಣ್ಣ ಜಲಚರಗಳಿಗೆ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಹೊಸ ಬಟ್ಟೆಗಿಂತ ಒಗೆದು ಹಳೆಯದಾದುದೇ ಮೇಲು, ಅದರ ನೂಲು ಬಿಚ್ಚಿಕೊಂಡು ರಂಧ್ರಗಳು ಕಿರಿದಾಗಿರುತ್ತವೆ. ಆದರೆ ಉಳಿದ ಅರ್ಧವನ್ನು ಲೆಕ್ಕದಿಂದ ಬಿಡುವಂತಿಲ್ಲ. ಅಂಟಿಕೊಳ್ಳದೆ ಒಂಟಿಯಾಗಿ ತೇಲುವ ರೋಗಾಣು ಅರಿವೆಯನ್ನು ನಿರಾಯಾಸವಾಗಿ ದಾಟುತ್ತದೆ; ಕಾಮಾಲೆಯ ವೈರಾಣುವಂತೂ ಅದಕ್ಕಿಂತ ಎಷ್ಟೋ ಚಿಕ್ಕದು. 1955-56ರಲ್ಲಿ ಯಮುನೆಗೆ ಸೇರಿದ ಚರಂಡಿಯ ನೀರು ದೆಹಲಿಯ ಸರಬರಾಜಿಗೆ ನುಗ್ಗಿದಾಗ, ನಗರದ ಶುದ್ಧೀಕರಣವನ್ನೂ ಮೀರಿ ಸುಮಾರು 29,000 ಮಂದಿ ಕಾಮಾಲೆಗೆ ತುತ್ತಾದರು. ಅಲ್ಲಿಗೆ ಅರಿವೆ ಸಾಲದು. ನೀರು ಕೊತಕೊತನೆ ಕುದಿ ಬಂದ ಮೇಲೆ ಒಂದು ನಿಮಿಷ ಹಾಗೆಯೇ ಬಿಟ್ಟರೆ ಈ ಸೂಕ್ಷ್ಮಾಣುಗಳೆಲ್ಲ ನಿಷ್ಕ್ರಿಯವಾಗುತ್ತವೆ.

ಕುದಿಸುವುದೂ ಹಿಂಸೆಯಲ್ಲವೇ ಎಂದು ತರುಣರು ಕೇಳುತ್ತಾರೆ. ಹೌದು, ಏಕೇಂದ್ರಿಯ ಜಲಕಾಯಿಕಗಳ ಹಿಂಸೆ ಅಲ್ಲಿದೆ. ಆದರೆ ಹಸಿ ನೀರಿನಲ್ಲಿ ಕ್ಷಣಕ್ಷಣಕ್ಕೂ ನಡೆಯುವ ಜನನಮರಣಗಳು ಪ್ರಾಸುಕವಾದ ನೀರಿನಲ್ಲಿ ಮರ್ಯಾದೆಯ ಕಾಲದವರೆಗೆ ನಿಲ್ಲುತ್ತವೆಂಬುದು ಹಿರಿಯರ ಸಮಾಧಾನ. ಸ್ಥಾವರಹಿಂಸೆಯನ್ನು ಪೂರ್ಣವಾಗಿ ಬಿಡಲಾಗದ ಗೃಹಸ್ಥನಿಗೆ ನನಗೆ ಇದು ಯುಕ್ತವೆಂದೇ ತೋರುತ್ತದೆ. ನೇರಳಾತೀತ ದೀಪದ ಯಂತ್ರಕ್ಕೂ ಇದೇ ನ್ಯಾಯ. ನೀರು ತಿಳಿಯಾಗಿರದಿದ್ದರೆ ಆ ದೀಪ ನಿರುಪಯೋಗಿ, ಆದ್ದರಿಂದ ಅಲ್ಲಿಯೂ ಸೋಸುವುದು ಮೊದಲು.

ಆದರೆ ಕೊಳವೆಬಾವಿಗಳ ಕಾಲ ತಂದ ತೊಡಕು ಬೇರೆ. ಪಾವಗಡ, ಮುಂಡರಗಿಗಳಂಥ ಸೀಮೆಗಳಲ್ಲಿ ನೀರಿನೊಳಗೆ ಕರಗಿದ ಫ್ಲೋರೈಡ್ ಹಲ್ಲು ಮೂಳೆಗಳನ್ನು ಕೆಡಿಸಿದೆ. ಅದನ್ನು ಅರಿವೆ ತಡೆಯದು. ಕುದಿಸಿದರೆ ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ; ಬೇರೆ ಆಕರವಿಲ್ಲದಿದ್ದರೆ 1.5. ಮೀರಿದಲ್ಲಿ ಆರ್‌ಓ ಯಂತ್ರ ಬೇಕಾದೀತು. ಮೀರದಲ್ಲಿ, ಲವಣಾಂಶವೂ 500ರೊಳಗಿದ್ದಲ್ಲಿ, ಅಂಗಡಿಯವನ ಮಾತಿಗೆ ಅದನ್ನು ಕೊಳ್ಳುವುದು ಅಪವ್ಯಯ. ಮನೆಯ ಯಂತ್ರಗಳು ಲೀಟರು ಶುದ್ಧ ನೀರಿಗೆ ಎರಡು ಮೂರು ಲೀಟರನ್ನು ಹೊರಚೆಲ್ಲುವುದುಂಟು. ಬೊಗಸೆ ನೀರನ್ನೂ ಲೆಕ್ಕವಿಟ್ಟು ಬಳಸಬೇಕೆಂಬ ನಮಗೆ ಈ ಖರ್ಚಿನ ಬಾಬು ಚಿಕ್ಕದಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಯಾತ್ರಿಕರಿಗಾಗಿ ಯಂತ್ರ ದಾನ ಪಡೆಯುವ ಮೊದಲು ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ರೋಗಾಣು, ಫ್ಲೋರೈಡ್, ನೈಟ್ರೇಟ್ ಮೂರನ್ನೂ ಪರೀಕ್ಷಿಸಿ, ವರದಿಯನ್ನು ದಾನಿಗಳ ಫಲಕದ ಪಕ್ಕದಲ್ಲಿ ತೂಗುಹಾಕಲಿ. ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷೆಯಾಗಲಿ. ಸೋಸುವ ಅರಿವೆ ಹೇಗೂ ಕೊಡದ ಮೇಲೆಯೇ ಇರಲಿ, ಅದನ್ನು ದಿನವೂ ಒಗೆದು ಬಿಸಿಲಿಗೆ ಹಾಕುವವರು ಯಾರೆಂಬುದು ಮಾತ್ರ ಮೊದಲೇ ಗೊತ್ತಾಗಿರಲಿ.